ಉಪ್ಪು ಹತ್ತಿದ ದರ್ಜಿ

ಆ ಭಾನುವಾರ ದರ್ಜಿ ಎವಾರಿಸ್ತೊ ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಕಾಫಿಯನ್ನೂ ಮುಟ್ಟಿರಲಿಲ್ಲ. ಹೆಂಡತಿ ಕ್ಲೊದೊಮಿರಾ ಬೇಯಿಸಿದ ಬಾಳೆಕಾಯಿಯನ್ನು ಹಿಸುಕಿ ತಟ್ಟೆಗೆ ಹಾಕಿ, "ಗಂಟಲಲ್ಲಿ ಸಿಕ್ಕಿಕೊಳ್ಳತ್ತೆ, ಅರ್ಧ ಲೋಟ ನೀರಾದ್ರೂ ಕುಡಿ ಮಾರಾಯ" ಅಂದಳು.

"ಇವತ್ತು ಫೈನಲ್ಲು. ನೀರು ಕುಡಿದ್ರೆ ಏಳಬೇಕಾಗತ್ತೆ. ಆಟ ಮುಗಿಯೋವರೆಗೂ ನಾನು ಏಳಲ್ಲ" ಅಂದ ಎವಾರಿಸ್ತೊ, ಬಾಳೆಕಾಯಿಯನ್ನು ಕಷ್ಟಪಟ್ಟು ನುಂಗುತ್ತಾ.

ಅವನ ಹಟಕ್ಕೆ ಕಾರಣವಿತ್ತು. ನಮ್ಮೂರು ಬೋಕಾ ಸೆಕಾದ ಏಡಿ ಬೇಸ್‌ಬಾಲ್ ತಂಡ ಸೋತೇಬಿಟ್ಟಿತು ಅನ್ನುವಾಗ ಕೊನೇ ಗಳಿಗೆಯಲ್ಲಿ ತಿರುಗಿ ಬಿದ್ದು ಗೆದ್ದದ್ದು ಈ ಇಪ್ಪತ್ತು ವರ್ಷಗಳಲ್ಲಿ ಮೂರು ಸಲ. ಮೂರು ಸಲವೂ ಎವಾರಿಸ್ತೊ ಆಟಕ್ಕೆ ಹೋಗಿದ್ದ, ಮೂರು ಸಲವೂ ಗೆಲುವನ್ನು ನೋಡಲಿಲ್ಲ. ಮೊದಲ ಸಲ "ಇನ್ನೇನು ಉಳಿದಿದೆ" ಅಂತ ಬೇಗ ಎದ್ದು ಬಂದಿದ್ದ. ಎರಡನೇ ಸಲ ಪಾಯಿಖಾನೆಯಲ್ಲಿದ್ದ. ಮೂರನೇ ಸಲ ಪಕ್ಕದವನ ಅಂಗಿಯ ಗುಂಡಿ ಕಿತ್ತು ಬಿತ್ತು. ದರ್ಜಿಯ ಜೀವ ತಡೆಯಲಿಲ್ಲ, ಬೆಂಚಿನ ಕೆಳಗೆ ಬಗ್ಗಿದ. ಗುಂಡಿ ಹುಡುಕಿ ತಲೆ ಎತ್ತುವಷ್ಟರಲ್ಲಿ ಚೆಂಡು ಗೋಡೆ ದಾಟಿ ಹೋಗಿ, ಊರಿಗೆ ಊರೇ ಕುಣಿಯುತ್ತಿತ್ತು.

ಚಾಗೋನ ಅಂಗಡಿಯ ಮುಂದೆ ಪ್ರತಿ ಸಂಜೆ ಡಾಮಿನೋ ಆಡುವವರಿಗೆ ಈ ಮೂರು ಆಟಗಳೇ ಪುರಾಣ. ಎಷ್ಟು ಸಲ ಹೇಳಿದರೂ ಬೇಜಾರಿಲ್ಲ. ಎವಾರಿಸ್ತೊ ನಡುವೆ ಬಾಯಿ ಹಾಕಿದರೆ ಮಾತ್ರ, ಗೆಳೆಯರನ್ನು ಕಂಪಾದ್ರೆ ಅನ್ನುವ ಚಾಗೋ ಕೈ ಅಡ್ಡ ಹಿಡಿಯುತ್ತಿದ್ದ. "ನೀನು ಸುಮ್ನಿರು ಕಂಪಾದ್ರೆ. ನೀನು ಗುಂಡಿ ನೋಡ್ತಿದ್ದೆ." ಎಲ್ಲರೂ ನಗುತ್ತಿದ್ದರು. ಇಪ್ಪತ್ತು ವರ್ಷದಿಂದ ತಂಡಕ್ಕೆ ಬಟ್ಟೆ ಹೊಲಿದವನಿಗೆ ತಂಡದ ಬಗ್ಗೆ ಒಂದು ಮಾತಾಡುವ ಹಕ್ಕಿಲ್ಲ ಅಂದರೆ ಹೊಟ್ಟೆ ಉರಿಯುವುದಿಲ್ಲವೇ? ಒಂದೇ ಒಂದು ಸಲ ಕಣ್ಣಾರೆ ನೋಡಬೇಕು, ಗಂಟಲು ಹರಿಯುವಂತೆ ಕೂಗಬೇಕು. ಅವನಿಗೆ ಬೇಕಾದದ್ದು ಇಷ್ಟೇ.

ಮಧ್ಯಾಹ್ನದ ಬಿಸಿಲಿಗೆ ಮೈದಾನದಲ್ಲಿ ಕೂರುವ ಹಲಗೆಗಳು ದೋಸೆ ಕಾವಲಿಯಾಗಿದ್ದವು. ನೀಲಿ ಟೋಪಿಯ ನಾವು ಈ ಕಡೆ, ಕೆಂಪು ಟೋಪಿಯ ಲಾ ಸೈಬಾದವರು ಎದುರು ಕಡೆ. ಅವರದು ಹುಂಜ ತಂಡ. ಐದನೇ ಇನ್ನಿಂಗ್ಸ್ ಹೊತ್ತಿಗೆ ಹುಂಜ ನಾಲ್ಕು, ಏಡಿ ಸೊನ್ನೆ. ಎವಾರಿಸ್ತೊ ಮಾತ್ರ ಒಳಗೊಳಗೇ ಖುಷಿಯಾಗಿದ್ದ. ಚೆನ್ನಾಗಿ ಸೋತರೆ ತಾನೇ ತಿರುಗಿ ಬೀಳುವುದಕ್ಕೆ ಅವಕಾಶ?

ಪಕ್ಕದಲ್ಲಿ ಕೂತಿದ್ದವಳು ತೊಮಾಸಿನಾ, ಊರೆಲ್ಲ ಮರ್ಯಾದೆಯಿಂದ ದೋನ್ಯಾ ಅನ್ನುವ ಎಂಬತ್ತರ ಹತ್ತಿರದ ಅಜ್ಜಿ. ಅವನ ಒಣಗಿದ ತುಟಿ ನೋಡಿ ಅವಳಿಗೆ ಕನಿಕರ ಬಂತು. "ಬಿಸಿಲಿಗೆ ಬಿದ್ದುಹೋಗ್ತೀಯ ಮಗಾ, ಕುಡಿ" ಅಂತ ಎಳನೀರನ್ನು ಬಾಯಿಗೇ ಹಿಡಿದಳು. ಊರಿಗೆ ಹಿರಿಯಳು, ಬೇಡ ಅನ್ನುವುದು ಹೇಗೆ? ಕುಡಿದ. ಹತ್ತು ನಿಮಿಷದಲ್ಲಿ ಎಳನೀರು ತನ್ನ ದಾರಿ ಹುಡುಕಿತು. ಎವಾರಿಸ್ತೊ ಕಾಲು ಕತ್ತರಿ ಹಾಕಿದ, ಹಲ್ಲು ಕಚ್ಚಿದ, ಕೊನೆಗೆ ಎದ್ದು ಓಡಿದ.

ಅವನು ಪಾಯಿಖಾನೆಯ ಬಾಗಿಲು ಹಾಕಿಕೊಂಡದ್ದೇ ತಡ, ಹೊರಗೆ ಕೇಕೆ ಎದ್ದಿತು. ಏಡಿಗೆ ಮೊದಲ ರನ್! ಓಡಿ ಬಂದು ಕೂತ. ಅವನು ಕೂತ ಮರುಕ್ಷಣ ನಮ್ಮವನೊಬ್ಬ ಔಟಾದ.

ಅಜ್ಜಿ ಬೀಸಣಿಗೆ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮೈಗೆ ಉಪ್ಪು ಹತ್ತಿದವನು ಯಾವ ಕಡೆ ಕೂರುತ್ತಾನೋ ಆ ಕಡೆಗೆ ಸೋಲು. ಇದು ನಮ್ಮೂರಲ್ಲಿ ಎಳೆಮಕ್ಕಳಿಗೂ ಗೊತ್ತು. ಯಾರಿಗೆ ಉಪ್ಪು ಹತ್ತಿದೆ ಅಂತ ತೀರ್ಮಾನಿಸುವುದರಲ್ಲಿ ತೊಮಾಸಿನಾಳದೇ ಕೊನೇ ಮಾತು. ಅವಳು ಹಿಂದೆ ಕೂತಿದ್ದ ಚಾಗೋನ ಕಿವಿಯಲ್ಲಿ ಏನೋ ಹೇಳಿದಳು.

ಏಳನೇ ಇನ್ನಿಂಗ್ಸಿನಲ್ಲಿ ಚಾಗೋ ಹಲ್ಲು ಬಿಟ್ಟುಕೊಂಡು, "ಕಂಪಾದ್ರೆ, ಅಜ್ಜಿಗೆ ಸ್ವಲ್ಪ ಐಸ್ ತಂದುಕೊಡು" ಅಂದ.

"ನಾನೇ ಯಾಕೆ?"

"ಅಜ್ಜಿ ಎಳನೀರು ಕೊಟ್ಟಿದ್ದು ಯಾರಿಗೆ?"

ಎವಾರಿಸ್ತೊ ಐಸ್ ತರಲು ಹೋದ. ಹೋದವನಿಗೆ ಕೇಕೆ ಕೇಳಿಸಿತು. ಒಂದಲ್ಲ, ಎರಡು ರನ್. ಐಸನ್ನು ಎದೆಗೆ ಅವಚಿಕೊಂಡು ಓಡಿ ಬಂದು ಕೂತ. ಅದೇ ಹೊತ್ತಿಗೆ ನಮ್ಮ ಸರದಿ ಮುಗಿದು, ಹುಂಜದವರು ಬ್ಯಾಟು ಹಿಡಿದು ಎರಡು ರನ್ ಬಾರಿಸಿದರು. ಆರು, ಮೂರು.

ಇನ್ನು ಸಾಕ್ಷಿ ಬೇಕೆ? ಮಾತು ಬೆಂಚಿನಿಂದ ಬೆಂಚಿಗೆ ಹರಡಿತು. ಒಂಬತ್ತನೇ ಇನ್ನಿಂಗ್ಸ್ ಬಂತು. ನಮ್ಮ ಕೊನೇ ಸರದಿ, ಮೂವರು ಔಟಾದರೆ ಕಥೆ ಮುಗಿಯಿತು. ತೊಮಾಸಿನಾ ಎದ್ದು ನಿಂತು ಬೀಸಣಿಗೆ ತೋರಿಸಿದಳು.

"ಇವನನ್ನ ಹೊರಗೆ ಹಾಕಿ."

"ದೋನ್ಯಾ, ನಿಮ್ಮ ಕಾಲಿಗೆ ಬೀಳ್ತೀನಿ! ನಾನು ಕಣ್ಣು ಮುಚ್ಕೊಂಡು ಕೂರ್ತೀನಿ!"

"ಉಪ್ಪು ಇರೋದು ಕಣ್ಣಲ್ಲಲ್ಲ ಮಗಾ, ಮೈಯಲ್ಲಿ. ಊರಿಗೋಸ್ಕರ ಹೋಗು."

ಹಿಂದಿನ ಬೆಂಚಿನಲ್ಲಿದ್ದ ಕ್ಲೊದೊಮಿರಾ ಕೂಡ ಕಟ್ಟಿಕೊಂಡ ಗಂಡನ ಪರವಾಗಿ ಒಂದು ಮಾತಾಡಲಿಲ್ಲ. "ಹೋಗ್ಬಾ, ಮನೆಗೆ ಬಂದ್ಮೇಲೆ ಎಲ್ಲಾ ಹೇಳ್ತೀನಿ" ಅಂದಳು. ಎಂಟು ಜನ ಸೇರಿ ಅವನನ್ನು ಗೇಟಿನಾಚೆ ದಬ್ಬಿದರು. ಅದರಲ್ಲಿ ನನ್ನದೂ ಒಂದು ಕೈ ಇತ್ತು, ಸುಳ್ಳು ಯಾಕೆ ಹೇಳಲಿ. ನೂಕಾಟದಲ್ಲಿ ಅವನ ನೀಲಿ ಟೋಪಿ ಒಳಗೇ ಬಿತ್ತು, ಗೇಟಿಗೆ ಅಗುಳಿ ಬಿತ್ತು.

ಎವಾರಿಸ್ತೊ ಬರಿದಲೆಯಲ್ಲಿ ಗೋಡೆ ಬಳಸಿಕೊಂಡು ನಡೆದ. ಒಳಗೆ ಒಂದು ನಿಟ್ಟುಸಿರು ಕೇಳಿಸಿತು: ಒಬ್ಬ ಔಟ್. ಇನ್ನೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ಇನ್ನೊಂದು: ಎರಡನೆಯವನೂ ಔಟ್. ಅವನಿಗೆ ಅಳು ಬಂತು. ಅಷ್ಟರಲ್ಲಿ ಎದುರು ಕಡೆಯ ಗೇಟಿನಿಂದ ಲಾ ಸೈಬಾದ ಡೊಳ್ಳುಹೊಟ್ಟೆಯವನೊಬ್ಬ ಕುಣಿಯುತ್ತಾ ಹೊರಗೆ ಬಂದ.

"ಗೆದ್ದಾಯ್ತು ಬಿಡು! ಹಂದಿ ಸುಡೋಕೆ ಇಡ್ಬೇಕು, ನಾನು ಹೊರಟೆ. ಏನಯ್ಯಾ, ಈ ಬಿಸಿಲಲ್ಲಿ ಬರೀ ತಲೇಲಿ ನಿಂತಿದ್ದೀಯ? ತಗೋ, ನನ್ನ ಜಾಗ ಖಾಲಿ ಇದೆ, ಹೋಗಿ ಕೂತ್ಕೊ" ಅಂತ ತನ್ನ ಟೋಪಿಯನ್ನೇ ಅವನ ತಲೆಗೆ ಒತ್ತಿದ. ಕೆಂಪು ಟೋಪಿ, ಮುಂದುಗಡೆ ಹುಂಜ. ಹೊಲಿಗೆ ಬೇರೆ ಸೊಟ್ಟ. ಎವಾರಿಸ್ತೊ ಒಂದು ಕ್ಷಣ ಹೇಸಿದ, ಆಮೇಲೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಒಳಗೆ ನುಗ್ಗಿದ.

ಅವನು ವೈರಿಗಳ ನಡುವೆ ಕೂತ. ಅವರಾಗಲೇ ಡೋಲು ಬಾರಿಸುತ್ತಿದ್ದರು. ಅವರ ಪಿಚರ್ ಎಸೆದ ನಾಲ್ಕು ಚೆಂಡೂ ಅಡ್ಡಾದಿಡ್ಡಿ ಹೋಗಿ ನಮ್ಮವನೊಬ್ಬ ಪುಕ್ಕಟೆ ಮೊದಲ ಬೇಸ್ ಸೇರಿದ. ಮುಂದಿನವನು ಹೇಗೋ ತಟ್ಟಿ ಓಡಿದ. ಅದರ ಮುಂದಿನವನದು ಸುಲಭದ ಕ್ಯಾಚು, ಹುಂಜದವನ ಕೈಯಿಂದ ಸೋಪಿನ ಹಾಗೆ ಜಾರಿತು. ಮೂರು ಬೇಸೂ ಭರ್ತಿ. ಡೋಲು ನಿಂತಿತು.

ಬ್ಯಾಟು ಹಿಡಿದು ಬಂದವನು ನಮ್ಮ ದಪ್ಪ ವಿಲ್ಕಿನ್. ಅವನ ಪ್ಯಾಂಟನ್ನು ಎವಾರಿಸ್ತೊ ಹಿಂದಿನ ದಿನವಷ್ಟೇ ನಾಲ್ಕನೇ ಸಲ ಬಿಚ್ಚಿ ಅಗಲ ಮಾಡಿದ್ದ. ಒಂದು ಬೀಸು, ಗಾಳಿಗೆ. ಎರಡನೇ ಬೀಸು, ಅದೂ ಗಾಳಿಗೆ. ಮೂರನೆಯದಕ್ಕೆ ಠಣ್ ಅಂದಿತು. ಎವಾರಿಸ್ತೊ ರೆಪ್ಪೆ ಮಿಟುಕಿಸಲಿಲ್ಲ. ಚೆಂಡು ಏರಿತು, ಏರಿತು, ತೆಂಗಿನ ಮರಗಳ ಎತ್ತರಕ್ಕೆ ಹೋಗಿ, ಗೋಡೆ ದಾಟಿ ಆಚೆ ಬಿತ್ತು. ಬೇಸಿನಲ್ಲಿದ್ದ ಮೂವರು, ವಿಲ್ಕಿನ್ ಸೇರಿ ನಾಲ್ಕು ರನ್! ಏಳು, ಆರು! ವಿಲ್ಕಿನ್ ಮೂರನೇ ಬೇಸ್ ತಿರುಗುವಾಗ ಪ್ಯಾಂಟು ಹಿಂದೆ ಚರ್ರನೆ ಹರಿಯಿತು. ಅವನು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಓಟ ಶುರುಮಾಡಿದ ಬೇಸಿಗೆ ಬಂದು ಮುಟ್ಟಿದ.

ನೋಡಿದ! ಎವಾರಿಸ್ತೊ ಎಲ್ಲವನ್ನೂ ನೋಡಿದ, ಹರಿದ ಹೊಲಿಗೆಯ ಸಮೇತ! ಆದರೆ ಸುತ್ತ ಇನ್ನೂರು ಹುಂಜದವರು ಸತ್ತ ಮನೆಯ ಮುಖ ಮಾಡಿ ಕೂತಿದ್ದಾರೆ, ಕೂಗುವುದು ಹೇಗೆ? ಅವನು ಟೋಪಿ ತೆಗೆದು ಬಾಯಿಗೆ ತುರುಕಿಕೊಂಡ. ಸಂತೋಷ ಕಣ್ಣಿನಿಂದ ಧಾರೆಯಾಗಿ ಇಳಿಯಿತು, ಭುಜ ಕುಲುಕಿತು. ಪಕ್ಕದ ಹೆಂಗಸು ಅವನನ್ನು ತಬ್ಬಿಕೊಂಡಳು.

"ಅಳಬೇಡಪ್ಪ, ಮುಂದಿನ ವರ್ಷ ನಮ್ದೇ" ಅಂತ ಅವನ ಬಾಯಿಂದ ಟೋಪಿ ಕಿತ್ತು ಮತ್ತೆ ತಲೆಗಿಟ್ಟಳು.

ಹೊತ್ತು ಇಳಿಯುವಾಗ ಎವಾರಿಸ್ತೊ ಆ ಟೋಪಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಚಾಗೋನ ಅಂಗಡಿಗೆ ಬಂದ. ಅಲ್ಲಿ ಊರೇ ಕುಣಿಯುತ್ತಿತ್ತು. ಅವನನ್ನು ಕಂಡದ್ದೇ ಹೆಗಲ ಮೇಲೆ ಹೊತ್ತುಕೊಂಡರು.

"ನೀನು ಹೊರಗೆ ಹೋದೆ, ನಾವು ಗೆದ್ವಿ! ನಿನ್ನಂಥ ತ್ಯಾಗಿ ಇಲ್ಲ ಕಂಪಾದ್ರೆ!" ಅಂದ ಚಾಗೋ.

"ಕೆಳಗಿಳಿಸ್ರೋ! ನಾನು ಹೊರಗಿರಲಿಲ್ಲ, ನೋಡಿದೆ! ವಿಲ್ಕಿನ್ ಎಡಗಾಲು ಮುಂದಿಟ್ಟ, ಚೆಂಡು ತೆಂಗಿನ ಮರದ ಎತ್ತರಕ್ಕೆ ಹೋಯ್ತು..."

"ಗೋಡೆಗೆ ಕಿಂಡಿ ಕೊರೆದ್ಯಾ? ಕತ್ತರೀಲಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎವಾರಿಸ್ತೊ ದೇವರ ಮೇಲೆ ಆಣೆ ಇಡುತ್ತಿದ್ದಾಗಲೇ ಅಂಗಡಿಯ ಟೀವಿಯಲ್ಲಿ ಆಟದ ತುಣುಕುಗಳು ಬಂದವು. ವಿಲ್ಕಿನ್ ಹೊಡೆದ, ಎಲ್ಲರೂ ಕೂಗಿದರು. ಆಮೇಲೆ ಸೋತವರ ದುಃಖ ತೋರಿಸಿದರು. ತೆರೆಯ ತುಂಬ ಒಂದೇ ಮುಖ: ಹುಂಜದ ಟೋಪಿ ಇಟ್ಟುಕೊಂಡು, ಪರಸ್ತ್ರೀಯ ತೋಳಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿರುವ ಎವಾರಿಸ್ತೊ.

ಕ್ಲೊದೊಮಿರಾ ಜನರನ್ನು ಸರಿಸಿಕೊಂಡು ಟೀವಿಯ ಮುಂದೆ ಬಂದಳು.

"ಯಾವಳೋ ಅವಳು?" ಅಂದಳು ಕ್ಲೊದೊಮಿರಾ.

"ದ್ರೋಹಿ! ನಾವು ಗೆದ್ದಿದ್ದಕ್ಕೆ ಅಳ್ತಿದ್ದಾನೆ!" ಅಂದ ಚಾಗೋ.

"ಅದು ಖುಷಿಗೆ ಕಣ್ರೋ!" ಎವಾರಿಸ್ತೊ ಬೇಡಿಕೊಂಡ. "ಸ್ವಲ್ಪ ತಲೆ ಓಡಿಸಿ. ನನಗೆ ಉಪ್ಪು ಹತ್ತಿದ್ರೆ ನಾನು ನೋಡ್ತಿರುವಾಗ ಏಡಿ ಗೆಲ್ತಿತ್ತಾ? ನಾನು ಹೊರಗಿದ್ದಾಗ ನಮ್ಮವರು ಇಬ್ಬರು ಔಟಾದ್ರು. ನಾನು ಅವರ ನಡುವೆ ಹೋಗಿ ಕೂತ್ಮೇಲೆ ತಾನೇ ಅವರ ಪಿಚರ್ ಕೈ ನಡುಗಿದ್ದು, ಕ್ಯಾಚ್ ಜಾರಿದ್ದು, ವಿಲ್ಕಿನ್ ಹೊಡೆದಿದ್ದು? ಈಗ ಹೇಳಿ, ನನ್ನ ಮೈಯಲ್ಲಿ ಉಪ್ಪಿದ್ಯಾ?"

ಸಾಕ್ಷಿ ಗಟ್ಟಿಯಾಗಿತ್ತು. ಎಲ್ಲರೂ ತೊಮಾಸಿನಾಳ ಕಡೆ ತಿರುಗಿದರು. ಅಜ್ಜಿ ಕಣ್ಣು ಮುಚ್ಚಿ, ಬೆರಳು ಮಡಿಚಿ ಲೆಕ್ಕ ಹಾಕಿದಳು. ಆಮೇಲೆ ಕಣ್ಣು ಬಿಟ್ಟು ಅವನ ಗಲ್ಲ ಸವರಿದಳು.

"ಇದೆ ಮಗಾ. ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತೀನೇ ಇದೆ. ನಮ್ಮ ಜೊತೆ ಕೂತ್ರೆ ನಮಗೆ, ಅವರ ಜೊತೆ ಕೂತ್ರೆ ಅವರಿಗೆ. ನಾವೇ ದಡ್ಡರು, ಇಂಥಾ ಅಸ್ತ್ರಾನ ಇಪ್ಪತ್ತು ವರ್ಷ ನಮ್ಮ ಮಡಿಲಲ್ಲೇ ಇಟ್ಕೊಂಡಿದ್ವಿ!"

ತಕ್ಷಣ ಅಂಗಡಿಯ ತಗಡು ಹಾರಿಹೋಗುವಂಥ ಕೇಕೆ. ಅವನ ಅಂಗಿಯೊಳಗಿಂದ ಕೆಂಪು ಟೋಪಿ ಎಳೆದು ತಲೆಗೆ ಇಟ್ಟರು. ಇನ್ನು ಮುಂದೆ ಪ್ರತಿಯೊಂದು ಆಟಕ್ಕೂ ಎವಾರಿಸ್ತೊ ವೈರಿಗಳ ನಡುವೆಯೇ ಕೂರಬೇಕು, ಅನುಮಾನ ಬರದ ಹಾಗೆ ಅವರದೇ ಬಣ್ಣದ ಅಂಗಿ ತೊಟ್ಟಿರಬೇಕು, ಆ ಅಂಗಿಗಳನ್ನು ಅವನೇ ಹೊಲಿದುಕೊಳ್ಳಬೇಕು ಅಂತ ಅಲ್ಲೇ ತೀರ್ಮಾನವಾಯಿತು. ನಾನೂ ಕೈ ಎತ್ತಿದೆ.

ಎವಾರಿಸ್ತೊ ಡಾಮಿನೋ ಮೇಜಿನ ಅಂಚಿಗೆ ಕುಸಿದ. "ದೋನ್ಯಾ, ಒಂದೇ ಒಂದು ಬೇಡಿಕೆ. ನಾವು ಗೆದ್ದಾಗ ಒಂದ್ಸಲ ಕೂಗಬಹುದಾ?"

ಅಜ್ಜಿಯ ಮನಸ್ಸು ಕರಗಿತು. "ಅಯ್ಯೋ, ಬೇಡ ಅಂದೋರ್ಯಾರು? ಕೂಗು ಮಗಾ, ಹೊಟ್ಟೆ ತುಂಬ ಕೂಗು. ಅಳೋ ಥರ ಕೂಗು, ಅಷ್ಟೇ."

ಅಷ್ಟರಲ್ಲಿ ಕ್ಲೊದೊಮಿರಾ ಮನೆಯಿಂದ ಅಳತೆ ಟೇಪು ತಂದು ಅವನ ಎದೆಗೆ ಸುತ್ತಿದ್ದಳು. ಪಾಪ, ಅವನು ಭುಜ ಇಳಿಬಿಟ್ಟು ಕೂತಿದ್ದ.

"ನೆಟ್ಟಗೆ ಕೂತ್ಕೊ, ಎದೆ ಉಬ್ಬಿಸು" ಅಂದಳು ಟೇಪು ಬಿಗಿಮಾಡುತ್ತಾ. "ಹುಂಜ ಅಲ್ವಾ ನೀನು?"