ಪೊದೆಗೆ ಮೊದಲು ಹೇಳಬೇಕು

ವಿಶ್ವವಿದ್ಯಾಲಯದಲ್ಲಿ ನಾನು ಗಟ್ಟಿಯಾಗಿ ಕಲಿತದ್ದು ಒಂದೇ, ಅನುಮಾನಪಡುವುದು. ದೇವರು, ದೆವ್ವ, ಪಂಚಾಂಗ ಎಲ್ಲ ಮುಗಿದ ಮೇಲೆ ಅನುಮಾನಿಸಲು ಉಳಿದದ್ದು ನನ್ನ ನೆನಪು ಮಾತ್ರ. ಈ ಕೆಲಸದಲ್ಲಿ ಹೆಂಡತಿ ಶಾಂತಾ ನನಗೆ ಮನಸಾರೆ ನೆರವಾಗುತ್ತಾಳೆ.

ಎಪ್ಪತ್ತರ ದಶಕದಲ್ಲಿ ಹುಮನಾಬಾದಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ನಾವಿಬ್ಬರೂ ಘಾಟಬೋರಾಳದ ಕಡೆಯ ಸರ್ಕಾರಿ ಅಡವಿಗೆ ಶ್ರಮದಾನಕ್ಕೆ ಹೋಗಿದ್ದೆವು. ಹಿಂದಿನ ಬೇಸಿಗೆಯಲ್ಲಿ ಬೆಂಕಿ ಬಿದ್ದು ಅಲ್ಲಿಯ ಬೇವಿನ ಸಸಿಗಳೆಲ್ಲ ಸುಟ್ಟುಹೋಗಿದ್ದವು. ಮತ್ತೆ ನೆಟ್ಟವನ್ನು ಉಳಿಸಬೇಕಾದರೆ ಸುತ್ತಲೂ ಪೊದೆ ಕಡಿದು ಬೆಂಕಿ ದಾಟದಂತೆ ಬೋಳು ಪಟ್ಟಿ ಮಾಡಬೇಕಿತ್ತು. ನಮ್ಮ ಮುಂದಾಳು ಅರಿವೆ ಅಂಗಡಿಯ ಕಲ್ಲಪ್ಪ ಶೆಟ್ಟರು. ಆ ಸಸಿಗಳಿಗೆ ತಮ್ಮ ಗಾಡಿಯಲ್ಲಿ ನೀರು ತಂದು ಹಾಕಿದವರು. ಸಸಿಗಳಿಗಿಂತ ಸೊಂಪಾಗಿ ಬೆಳೆದದ್ದು ಅವರ ನಿಯಮಗಳು. ಕೊಡಲಿ ಎತ್ತಿದವನ ಹತ್ತಿರ ಯಾರೂ ನಿಲ್ಲಬಾರದು. ಮುಳ್ಳು ಹಾದಿಗೆ ಬೀಳಬಾರದು. ಹಲ್ಲುಜ್ಜುವ ಕಡ್ಡಿಯನ್ನೂ ಮನೆಗೆ ಒಯ್ಯಬಾರದು. ಇಷ್ಟನ್ನು ನನ್ನ ತರ್ಕ ಒಪ್ಪಿತು. ಕಡಿಯುವ ಮೊದಲು ಪೊದೆಯ ಎದುರು ನಿಂತು, ಒಳಗಿದ್ದವರಿಗೆ ಕೂಗಿ ಹೇಳಿ, ಎಲೆ ಅಡಿಕೆ ಅಗಿಯುವಷ್ಟು ಹೊತ್ತು ಕಾಯಬೇಕು ಎಂಬುದನ್ನು ಮಾತ್ರ ಒಪ್ಪಲಿಲ್ಲ.

“ಶೆಟ್ಟರ, ಪೊದಿಗೆ ಕನ್ನಡ ತಿಳೀತದೇನ್ರಿ?” ಎಂದೆ.

“ನಿಮ್ಮ ಕ್ಲಾಸಿನ್ಯಾಗ ಎಷ್ಟು ಮಂದಿಗಿ ತಿಳೀತದ್ರಿ, ಸರ? ಅಲ್ಲಿ ದಿನಾ ಒದರತೀರಿ, ಇಲ್ಲೀನೂ ಒಮ್ಮಿ ಒದರ್ರಿ.”

ಎಲ್ಲರೂ ನಕ್ಕರು. ಶಾಂತಾ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು.

ಎದುರಿನ ದೊಡ್ಡ ಪೊದೆ ನನ್ನ ಪಾಲಿಗೆ ಬಂತು. “ಕಡಿಯಾಕ ಬಂದೀವಿ, ಹೊರಗ ಬರ್ರಿ!” ಎಂಬ ಕೂಗು ಅಡವಿಯಲ್ಲಿ ಮೊಳಗಿತು. ಮೊದಲು ಒಂದು ಕೌಜುಗ ಭರ್ರೆಂದು ಹಾರಿತು. ಆಮೇಲೆ ಮೊಲ. ಕೊನೆಗೆ, ಬಾಯಲ್ಲಿ ಮರಿ ಕಚ್ಚಿಕೊಂಡ ನರಿ. ಅದು ಓಡಲಿಲ್ಲ. ನಮ್ಮನ್ನೊಮ್ಮೆ ನೋಡಿ, ನಮ್ಮ ನಡುವೆಯೇ ನಡೆದು, ಮರಿಯನ್ನು ಮುಂದಿನ ಪೊದೆಯಲ್ಲಿಟ್ಟು, ಇನ್ನೊಂದಕ್ಕೆ ತಿರುಗಿ ಬಂತು. ಕೊಡಲಿಗಳು ತಾವಾಗಿ ಕೆಳಗಿಳಿದವು. ಸಂತೆಯಲ್ಲಿ ಕಿವುಡರಿಗೂ ಕೇಳುವಂತೆ ಮಾತಾಡುವ ನಮ್ಮ ಮಂದಿ ಉಸಿರು ಬಿಗಿಹಿಡಿದು ನಿಂತಿದ್ದರು. ನಾನು ಓದಿದ್ದೆಲ್ಲ ಆ ಗಳಿಗೆಯಲ್ಲಿ ಎಲ್ಲಿ ಹೋಗಿತ್ತೋ, ಕೈ ಮುಗಿಯುವುದೊಂದೇ ಬಾಕಿ.

ತೊಂದರೆ ಏನೆಂದರೆ, ನರಿ ಹೊಕ್ಕ ಆ ಪೊದೆಯೂ ಕಡಿಯಬೇಕಾದದ್ದೇ. ಬಿಟ್ಟರೆ ಬೆಂಕಿ ಅದನ್ನು ಹಿಡಿದೇ ಸಸಿಗಳಿಗೆ ದಾಟುತ್ತದೆ. ಶೆಟ್ಟರು ಸಸಿಗಳನ್ನು ನೋಡಿದರು, ಪೊದೆಯನ್ನು ನೋಡಿದರು.

“ಬಾಣಂತಿ ಅದಾಳ. ಎರಡನೇ ಸಲ ಏಳು ಅನ್ನಾಕ ನನ್ನ ಕೈಲೆ ಆಗೂದಿಲ್ಲ. ಪಟ್ಟಿ ಹೊರಗಿಂದ ತಿರುಗಸ್ರಿ.”

ಪೊದೆಯನ್ನು ಸಸಿಗಳ ಕಡೆಗೇ ಸೇರಿಸಿಕೊಂಡು ಪಟ್ಟಿಯನ್ನು ಬಾಗಿಸಿದೆವು. ಕೆಲಸ ಇಮ್ಮಡಿಯಾಯಿತು, ಅಂಗೈ ಬೊಬ್ಬೆಯೆದ್ದಿತು. ಆ ಬೇಸಿಗೆಯೂ ಬೆಂಕಿ ಬಂತು. ಬಂದು, ಆ ಬಾಗಿದ ಪಟ್ಟಿಯ ಹೊರಗೇ ನಿಂತಿತು.

ಇದನ್ನು ಬಂದವರಿಗೆಲ್ಲ ಹೇಳುತ್ತೇನೆ. ನರಿಯ ತನಕ ಶಾಂತಾ ಏನೂ ತಕರಾರು ಮಾಡುವುದಿಲ್ಲ. ಆಮೇಲೆ ಚಹಾ ಕೊಡುತ್ತ, “ಇವರಿಗಿ ನಾಚಿಕಿ ಬಂದು ದನೀನೇ ಹೊರಡಲಿಲ್ರಿ. ಒದರಿದಾಕಿ ನಾ,” ಎನ್ನುತ್ತಾಳೆ. ಗಂಟಲು ಹರಿಯುವಂತೆ ಕೂಗಿದವನು ನಾನೇ ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಅದನ್ನು ಅವಳೆದುರು ಹೇಳಬೇಕೆಂದು ಬಾಯಿ ತೆರೆಯುತ್ತೇನೆ. ದನಿ ಹೊರಡುವುದಿಲ್ಲ.