ಕೆಂಪು ಸ್ಟಿಕ್ಕರಿನ ಡಿವಿಡಿಗಳು

ದೋಹಾದ ಒಂದು ಕಾಂಟ್ರಾಕ್ಟಿಂಗ್ ಕಂಪೆನಿಯಲ್ಲಿ ಟೈಲ್ಸು, ಪೈಪು, ನಲ್ಲಿಗಳ ಗುಣಮಟ್ಟ ನೋಡುವುದು ನನ್ನ ಉದ್ಯೋಗ. ಒಳ್ಳೆಯದಕ್ಕೆ ಹಸಿರು ಸ್ಟಿಕ್ಕರ್, ಕೆಟ್ಟದ್ದಕ್ಕೆ ಕೆಂಪು. ಸೈಟಿನಲ್ಲಿ ನನ್ನ ತೀರ್ಪಿಗೆ ಎದುರಾಡುವವರಿಲ್ಲ. ಆ ಕೊರತೆಯನ್ನು ಮನೆಯವರು ಆಗಾಗ ತುಂಬಿಕೊಡುತ್ತಲೇ ಇರುತ್ತಾರೆ. ಕಳೆದ ಬೇಸಿಗೆಯಲ್ಲಂತೂ ಧಾರಾಳವಾಗಿ ತುಂಬಿಕೊಟ್ಟರು.

೧. ಊರಿಗೆ ಹೊರಟವರ ಆಸ್ತಿ

ಇಲ್ಲಿಂದ ಕಾಯಂ ಆಗಿ ಊರಿಗೆ ಹೊರಟವರು ಮನೆಸಾಮಾನು ಎಸೆಯುವುದಿಲ್ಲ, ಪರಿಚಯದವರಿಗೆ ಹಂಚುತ್ತಾರೆ. ಬೇಡ ಎಂದರೆ ಬೇಸರಪಟ್ಟುಕೊಳ್ಳುತ್ತಾರೆ. ಮದೀನತ್ ಖಲೀಫಾ ಬಡಾವಣೆಯಲ್ಲಿದ್ದ ನನ್ನ ಸಹೋದ್ಯೋಗಿ ಹೊರಟಾಗ ಫ್ರಿಜ್ ಒಬ್ಬರಿಗೆ ಹೋಯಿತು, ಸೋಫಾ ಇನ್ನೊಬ್ಬರಿಗೆ. ನಾನು ತಡವಾಗಿ ಹೋದವನು. ಸಿಕ್ಕಿದ್ದು ಒಂದು ಡಿವಿಡಿ ಪ್ಲೇಯರ್, ಜೊತೆಗೆ ಒಂದು ರಟ್ಟಿನ ಪೆಟ್ಟಿಗೆ ತುಂಬ ಜಪಾನಿ ಕಾರ್ಟೂನ್ ಧಾರಾವಾಹಿ. ಕಳೆದುಹೋದ ಅಕ್ಕನನ್ನು ಹುಡುಕುತ್ತ ಒಬ್ಬ ಹುಡುಗ ಹಡಗಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವ ಸಾಹಸದ ಕತೆ.

"ಕೊನೆಗೆ ಅಕ್ಕ ಸಿಗ್ತಾಳಾ?" ಎಂದು ಕೇಳಿದೆ.

"ಯಾರಿಗೆ ಗೊತ್ತು ಮಾರಾಯ? ನಾನು ಕೆಲಸಕ್ಕೆ ಸೇರಿದ ವರ್ಷ ನೋಡ್ಲಿಕ್ಕೆ ಶುರು ಮಾಡಿದ್ದು. ನನ್ನ ಸರ್ವಿಸೇ ಮುಗಿಯಿತು," ಎಂದ.

೨. ಬಾಗಿಲಿಗೆ ಬಾಗಿಲು

ಜೂನಿನಲ್ಲಿ ಅಮ್ಮ ವಿಸಿಟ್ ವೀಸಾದಲ್ಲಿ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲಾಟಿಗೆ ಬಂದರು. ಸುರತ್ಕಲ್ಲಿನಲ್ಲಿ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ವಿಚಾರಿಸಿ ರೂಢಿಯಾದವರು. ಒಂದೇ ವಾರಕ್ಕೆ ಬೇಸತ್ತರು.

"ಇಲ್ಲಿ ಬಾಗಿಲು ತೆಗೆದ್ರೆ ಇನ್ನೊಂದು ಬಾಗಿಲು ಕಾಣ್ತದೆ. ನನ್ನನ್ನು ಊರಿಗೆ ಕಳಿಸಿಬಿಡು ಮಗ."

ನನ್ನ ಹೆಂಡತಿಯ ಮುಖ ಸಣ್ಣದಾಯಿತು. ಮದುವೆಯಾದಂದಿನಿಂದ ಅತ್ತೆಯ ಜೊತೆ ಅವಳು ಇದ್ದದ್ದು ರಜೆಯಲ್ಲಿ ಮಾತ್ರ. ಅತ್ತೆ ಅರ್ಧಕ್ಕೇ ವಾಪಸಾದರೆ ಊರಿನಲ್ಲಿ ಆಡಿಕೊಳ್ಳುವುದು ಸೊಸೆಯನ್ನೇ. ನನಗಂತೂ ಅಮ್ಮ ನಮ್ಮ ಜೊತೆ ಇನ್ನಷ್ಟು ದಿನ ಇರಲಿ ಎಂಬ ಆಸೆ. ಅತ್ತೆ ಸೊಸೆ ಇಬ್ಬರಿಗೂ ಮಾತು ಹೊಳೆಯದ ಒಂದು ಮಧ್ಯಾಹ್ನ, ಬೇರೆ ದಾರಿ ಕಾಣದೆ ಹೆಂಡತಿ ಆ ರಟ್ಟಿನ ಪೆಟ್ಟಿಗೆ ಬಿಚ್ಚಿದಳು. ಕಾರ್ಟೂನಿನವರು ಆಡುವುದು ಇಂಗ್ಲಿಷು. ಅಮ್ಮನ ಪಕ್ಕ ಕೂತು ಅವಳೇ ಅರ್ಥ ಹೇಳತೊಡಗಿದಳು.

ಮುಂದಿನ ವಾರ ಅಮ್ಮ ಊರಿನ ಮಾತೆತ್ತಲಿಲ್ಲ. "ಆಫೀಸಿಂದ ಅಷ್ಟು ಬೇಗ ಬರ್ಬೇಡ ಮಗ. ಕತೆಯ ಮಧ್ಯದಲ್ಲಿ ಚಾ ಕೇಳ್ತೀ," ಎಂದರು.

೩. ನನ್ನ ತೀರ್ಪು

ಸಂತೋಷದಲ್ಲಿ ನಾನೂ ಕೂತು ನೋಡಿದೆ. ಇಷ್ಟು ಏರುಪೇರಿನ ಸರಕನ್ನು ನನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ. ಒಂದು ಡಿವಿಡಿಯಲ್ಲಿ ಸಮುದ್ರ ಎಷ್ಟು ಚೆಂದವೆಂದರೆ ಕಾಲು ಮೇಲೆತ್ತಿ ಕೂರಬೇಕು. ಮುಂದಿನದರಲ್ಲಿ ಅದೇ ಸಮುದ್ರ ಡಿಸ್ಟೆಂಪರ್ ಬಳಿದ ಗೋಡೆ. ನಾಯಕನ ಮೂಗು ಪ್ರತಿ ಕಂತಿನಲ್ಲೂ ಬೇರೆ. ಒಂದು ಕಡೆ ಖಳನಾಯಕ ಎತ್ತಿದ ಕತ್ತಿಯನ್ನು ಇಳಿಸಲು ಮೂರು ಕಂತು ತೆಗೆದುಕೊಂಡ. ಅಷ್ಟರಲ್ಲಿ ನಮ್ಮ ಅನ್ನ ಬೆಂದಿತ್ತು.

ಆಫೀಸಿನಿಂದ ಸ್ಟಿಕ್ಕರ್ ತಂದು ಒಳ್ಳೆಯದಕ್ಕೆ ಹಸಿರು, ಕಳಪೆಗೆ ಕೆಂಪು ಅಂಟಿಸಿ, "ಹಸಿರಿನದ್ದು ಮಾತ್ರ ನೋಡಿ ಅಮ್ಮ, ಸಮಯ ಹಾಳು ಮಾಡ್ಬೇಡಿ," ಎಂದೆ.

ಎರಡು ದಿನ ಬಿಟ್ಟು ಅಮ್ಮ ನನ್ನನ್ನು ಕರೆದರು. "ನಿನ್ನ ಸ್ಟಿಕ್ಕರಿಂದ ಉಪಕಾರ ಆಯ್ತು. ಕೆಂಪಿನದ್ದು ನೋಡಿ ಹಾಕಿದ್ರೆ ಆಯ್ತು. ಹಸಿರಿನದ್ರಲ್ಲಿ ಎಂಥದ್ದೂ ಇಲ್ಲ."

೪. ಅಡುಗೆಯವನ ಸಂಬಂಧ

ಕಾರಣ ತಿಳಿದದ್ದು ನಾನು ನೆಗಡಿಯಾಗಿ ಮನೆಯಲ್ಲಿದ್ದ ದಿನ. ಹಸಿರು ಡಿವಿಡಿ ಹಾಕಿದರೆ ನನ್ನ ಹೆಂಡತಿ ತಾನೇ ಮೈಮರೆತು ನೋಡುತ್ತಾಳೆ. ಅಮ್ಮ ಏನು ಕೇಳಿದರೂ, "ಸ್ವಲ್ಪ ಇರಿ ಅತ್ತೆ, ಯುದ್ಧ ಆಗ್ತಾ ಉಂಟು," ಅಷ್ಟೆ. ಕೆಂಪಿನದ್ದು ಹಾಕಿದರೆ ಅವಳಿಗೆ ಬೇಜಾರು. ಬೇಜಾರಾದಾಗ ಬಾಯಿಗೆ ಮಾತು ಬರುತ್ತದೆ.

ಪರದೆಯಲ್ಲಿ ಹಡಗಿನ ಅಡುಗೆಯವನು ಅಷ್ಟು ಹೊತ್ತಿನಿಂದ ಬರೇ ಸಾರು ತಿರುಗಿಸುತ್ತಿದ್ದ.

"ಅವನ ತಾಯಿ ಹುಡುಗಿ ನೋಡಿದ್ದಾರಂತೆ ಅತ್ತೆ," ಎಂದಳು ಇವಳು. "ಹುಡುಗಿ ಮೀನು ತಿನ್ನುವುದಿಲ್ಲವಂತೆ. ಅದೇ ಚಿಂತೆ ಅವನಿಗೆ."

ಅಮ್ಮ ನೆಟ್ಟಗೆ ಕೂತರು. "ಹಡಗಲ್ಲಿ ಮೀನು ತಿನ್ನದೆ ಮತ್ತೆಂಥ ತಿಂತಾಳೆ? ಬೇಡ ಹೇಳು."

"ಒಪ್ಪಿಬಿಟ್ಟ ಅತ್ತೆ. ಮುಂದಿನ ದ್ವೀಪದಲ್ಲಿ ಮದುವೆ. ಅಲ್ಲೇ ಇಳೀತಾನೆ."

ನಾನು ಮಾತ್ರೆ ನುಂಗಿದೆ. ಮರುದಿನದ ಡಿವಿಡಿಯಲ್ಲಿ ಮದುವೆಯಾಗಿ ಇಳಿದುಹೋದ ಅಡುಗೆಯವನು ಮತ್ತೆ ಹಡಗಿನಲ್ಲಿ ಸಾರು ತಿರುಗಿಸುತ್ತಿದ್ದ. ಅಮ್ಮ ಸೊಸೆಯ ಕಡೆ ತಿರುಗಿದರು. ಇವಳು ಕಣ್ಣು ಪಿಳುಕಿಸಲಿಲ್ಲ.

"ಇವನು ಅವನ ತಮ್ಮ ಅತ್ತೆ. ಅಣ್ಣನ ಜಾಗಕ್ಕೆ ಬಂದದ್ದು."

ಅಮ್ಮ ಪರದೆ ನೋಡಿ ಕೇಳಿದರು, "ಅಣ್ಣನ ವೀಸಾಕ್ಕೆ ತಮ್ಮನನ್ನು ಹಾಕ್ಲಿಕ್ಕೆ ಕಂಪೆನಿ ಒಪ್ಪಿತಾ?"

೫. ಕಂಪ್ಲೇಂಟ್

ಅಷ್ಟರಲ್ಲಿ ಅಮ್ಮನಿಗೆ ಸ್ನೇಹವೂ ಒದಗಿತು. ಕೆಳಗಿನ ಫ್ಲಾಟಿನಲ್ಲಿ ಉಳ್ಳಾಲ ಕಡೆಯ ಬ್ಯಾರಿ ಕುಟುಂಬವಿದೆ, ಬಹಳ ವರ್ಷದಿಂದ ಇಲ್ಲೇ ನೆಲೆಸಿದವರು. ಆ ಮನೆಯ ಹಿರಿಯ ಹೆಂಗಸಿಗೆ ಅಮ್ಮ ಅಡುಗೆಯವನ ಮದುವೆಯ ಕತೆಯನ್ನು ಮದುವೆಯ ಊಟ ಸಮೇತ ಹೇಳಿದ್ದರು. ಅವರು ಆಸೆಯಿಂದ ಆ ಡಿವಿಡಿ ಒಯ್ದು, ಶುಕ್ರವಾರ ಸಂಜೆ ವಾಪಸ್ ತಂದರು. ಮುಖದಲ್ಲಿ ನಗುವಿರಲಿಲ್ಲ.

"ತಪ್ಪು ತಿಳ್ಕೊಳ್ಬೇಡಿ ಅಣ್ಣ, ನಿಮ್ಮದು ಡೂಪ್ಲಿಕೇಟ್ ಮಾಲು. ಮದುವೆಯೇ ಇಲ್ಲ ಇದ್ರಲ್ಲಿ. ನನ್ನ ಮಗಳು ಎರಡು ಸಲ ಹಾಕಿ ನೋಡಿದಳು, ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬರ್ತದೆ. ಅವನು ಮಾತೇ ಆಡುವುದಿಲ್ಲ, ಬರೇ ಸಾರು ತಿರುಗಿಸ್ತಾನೆ."

ಹೆಂಡತಿ ಚಹಾದ ಟ್ರೇ ಹಿಡಿದು ನಿಂತಲ್ಲೇ ನಿಂತಳು. ಬೇಸಿಗೆಯಿಡೀ ಸೊಸೆ ತನಗೆ ಸುಳ್ಳು ಹೇಳಿದಳೆಂದು ಅಮ್ಮನಿಗೆ ಪರರ ಎದುರು ತಿಳಿಯುವಂತಾಯಿತು. ನಾಳೆ ಬೆಳಿಗ್ಗೆಯೇ ಪೆಟ್ಟಿಗೆ ಕಟ್ಟುತ್ತಾರೆ ಎಂದುಕೊಂಡೆ.

ಅಮ್ಮ ಡಿವಿಡಿಯನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದರು. ಒಮ್ಮೆ ಸೊಸೆಯನ್ನು ನೋಡಿದರು.

"ಡಿವಿಡಿ ಸರಿ ಉಂಟು," ಎಂದರು. "ನಿಮ್ಮ ಮಗಳಿಗೆ ಇಂಗ್ಲಿಷ್ ಸಾಲದು."

ಅಮ್ಮ ಸೊಸೆಯ ಕೈಯಿಂದ ಟ್ರೇ ಇಳಿಸಿ ಡಿವಿಡಿ ಕೊಟ್ಟು, "ಹಾಕು ಮಗಳೇ, ಇವರಿಗೂ ಸರಿಯಾಗಿ ಹೇಳು," ಎಂದರು. ಅವರು ಅವಳನ್ನು ಮಗಳೇ ಎಂದದ್ದು ಅದೇ ಮೊದಲು. ಅವಳ ಕಣ್ಣು ತುಂಬಿತ್ತು, ನನ್ನದೂ.

ಆಮೇಲೆ ನನ್ನತ್ತ ತಿರುಗಿದರು. "ನನ್ನ ವೀಸಾ ಇನ್ನೊಂದು ತಿಂಗಳು ಮುಂದೆ ಹಾಕ್ಲಿಕ್ಕೆ ಆಗ್ತದಾ ನೋಡು ಮಗ. ಆ ತಮ್ಮನಿಗೂ ಒಂದು ಹುಡುಗಿ ನೋಡ್ಬೇಕಲ್ಲ, ಮೀನು ತಿನ್ನುವವಳು."