ಯಜಮಾನರು ಇಟ್ಟುಹೋದ ಸೇಬಿನ ಭರಣಿ

ನಮ್ಮ ಮನೆಯ ಕೆಲ್ಲರಿನಲ್ಲಿ, ಅಂದರೆ ನೆಲದಡಿಯ ಕೋಣೆಯಲ್ಲಿ, ನಗೆಪಾಟಲಿನಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ಯಜಮಾನರು ಇದ್ದಾಗಲೂ ನಡೆಯಿತು, ಅವರು ಹೋದ ಮೇಲೂ ನಿಲ್ಲಲಿಲ್ಲ. ಅಳಬೇಕೆಂದು ಕೆಳಗಿಳಿದವಳು ಎಷ್ಟೋ ಸಲ ನಕ್ಕು ಮೇಲೆ ಬಂದಿದ್ದೇನೆ.

ನಾವು ಬಾಗಲಕೋಟೆ ಕಡೆಯವರು. ಮಗಳು, ಅಳಿಯ ಇಬ್ಬರೂ ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ಕಾರಿನ ಕೆಲಸದವರು. ಅವರ ಜೊತೆ ಇರಲು ಬಂದೆವು. ಪಕ್ಕದ ಮನೆಯಲ್ಲಿ ಒಬ್ಬ ಜರ್ಮನ್ ಅಜ್ಜ, ಒಂಟಿ. ದಿಬ್ಬದ ಮೇಲೆ ಆತನದು ಆರು ಸೇಬಿನ ಗಿಡ. ಹಣ್ಣು ಹಿಂಡಿ, ರಸ ಹುದುಗಿಸಿ, ಆತ ಮೋಸ್ಟ್ ಎನ್ನುವ, ನಶೆ ಏರುವ ಕಡಕ್ ಪಾನಕ ಮಾಡುತ್ತಿದ್ದ. ನಮ್ಮವರಿಗೆ ಜರ್ಮನ್ ಬಾರದು, ಆತನಿಗೆ ಕನ್ನಡ ಬಾರದು. ಮೊದಲ ದಿನವೇ ಇಬ್ಬರೂ ಒಂದೇ ಬುಟ್ಟಿಗೆ ಕೈ ಹಾಕಿ ಹಣ್ಣು ಆರಿಸತೊಡಗಿದರು.

೧. ಬೆಲ್ಲ

ಅಜ್ಜ ರಸದೊಳಗೆ ಗಾಜಿನ ಕಡ್ಡಿ ತೇಲಿಬಿಟ್ಟು ಸಿಹಿ ಅಳೆಯುವವನು. ನಮ್ಮವರಿಗೆ ಸಿಹಿ ಸಾಲದು ಅನ್ನಿಸಿತು. ಆತ ಆಚೆ ಮುಖ ಮಾಡಿದಾಗ, ನಾನು ಹೋಳಿಗೆಗೆಂದು ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದ ಮಹಾಲಿಂಗಪುರದ ಬೆಲ್ಲ ಎರಡು ಪೆಂಟೆ ಒಳಗೆ ಬಿಟ್ಟರು.

ವಸಂತದಲ್ಲಿ ಅಜ್ಜ ಒಂದು ಗ್ಲಾಸು ಕುಡಿದು ಅಲ್ಲೇ ಸ್ಟೂಲಿನ ಮೇಲೆ ಕುಂತ.

"ಏನಂತಾನ?" ಎಂದರು ನಮ್ಮವರು.

"ಈ ಗಿಡ ಇಷ್ಟು ಕಡಕ್ ಯಾವತ್ತೂ ಕೊಟ್ಟಿಲ್ಲಂತ. ಈ ಸಲ ಬಿಸಲು ಭಾಳ ಇತ್ತಲ್ಲ, ಅದಕ್ಕ ಅಂತಾನ," ಎಂದಳು ಮಗಳು.

"ಹೌದನ್ನು. ಆ ಬಿಸಲು ನಮ್ಮ ಕಡೇದು ಅಂತನೂ ಹೇಳು."

೨. ಮೊಣಕಾಲು

ಊರಲ್ಲಿ ನಮ್ಮವರು ಎಲೆ ಅಡಿಕೆ ಕೂಡ ಮುಟ್ಟದ ಮನುಷ್ಯ ಎಂದು ಹೆಸರು. ಒಂದು ದಿನ ವಿಡಿಯೋ ಫೋನಿನಲ್ಲಿ ಅವರ ಅಕ್ಕ ಕೇಳಿದಳು:

"ಏನೋ ಅದು, ಕೈಯಾಗ ಹಳದೀದು?"

"ಸೇಬಿನ ರಸ, ಅಕ್ಕಾ. ರಾತ್ರಿ ಛಲೋ ನಿದ್ದಿ ಬರತೈತಿ. ಮೈಕೈ ನೋವು ಗೊತ್ತಾಗೂದಿಲ್ಲ."

ಅಲ್ಲಿಂದ ಶುರುವಾಯಿತು ಆಕೆಯ ತಗಾದೆ. ಆಕೆ ದಿನಾ ಸಂಜೆ ಮಠದಲ್ಲಿ ಪುರಾಣ ಕೇಳುವವಳು. ಅಲ್ಲಿ ಜೊತೆಗೆ ಕೂರುವ ಇನ್ನೂ ನಾಲ್ಕು ಮಂದಿಗೆ ಮೊಣಕಾಲು ನೋವಂತೆ, ಐದು ಬಾಟಲಿ ಕಳಿಸು ಅಂತ.

೩. ಶಾಲು

ಹೋದ ವರ್ಷ ದಸರೆ ಹೊತ್ತಿಗೆ ನಮ್ಮವರು ಮೂವತ್ತು ಲೀಟರಿನ ಗಾಜಿನ ಭರಣಿ ಒಂದನ್ನು ತಾವೇ ತುಂಬಿಸಿ ಇಟ್ಟರು. ಅಜ್ಜನ ಕೈ ಸೋಕಲೂ ಬಿಡಲಿಲ್ಲ. ಸಂಕ್ರಾಂತಿ ಆದ ವಾರಕ್ಕೆ ಎದೆ ಹಿಡಿದುಕೊಂಡು ಕುಂತರು, ಏಳಲಿಲ್ಲ. ತಾವು ಮಾಡಿದ್ದರ ರುಚಿ ನೋಡದೆ ಹೋದರು.

ಕಾರ್ಯವೆಲ್ಲ ಮುಗಿದ ಮೇಲೆ ಆಲೂಗಡ್ಡೆ ತರಲು ಕೆಳಗಿಳಿದೆ. ಭರಣಿ ಗುಳುಕ್ ಅಂದಿತು. ಮನೆಯೆಲ್ಲ ಸುಮ್ಮನಿರುವಾಗ ಅದೊಂದೇ ಮಾತಾಡುತ್ತಿತ್ತು. ಇದೊಂದು ಕೆಡಬಾರದು ಅಂದುಕೊಂಡೆ. ಅದರ ಬಾಯಿಗೆ ಗಾಳಿ ಹೊರಬಿಡುವ ಡೊಂಕು ನಳಿಗೆ ಇತ್ತು. ಉಪ್ಪಿನಕಾಯಿ ಭರಣಿಗೆ ಯಾರಾದರೂ ತೂತು ಇಡುತ್ತಾರೆಯೇ? ನಳಿಗೆ ಕಿತ್ತು, ಬಟ್ಟೆ ಗಿಡಿದು, ಮೇಲೊಂದು ಕಲ್ಲು ಹೇರಿದೆ. ದೋಸೆ ಹಿಟ್ಟಿನ ಹಾಗೆ ಬೆಚ್ಚಗಿರಲಿ ಎಂದು ಅವರ ಉಣ್ಣೆಯ ಶಾಲು ಸುತ್ತಿದೆ.

ಮೂರನೆಯ ದಿನ ಢಂ ಎಂದಿತು. ಕಲ್ಲು ಉರುಳಿ, ಬಟ್ಟೆ ಸೂರಿಗೆ ಅಂಟಿ, ಅಳಿಯನ ಚಳಿಗಾಲದ ಟೈರುಗಳಿಗೆಲ್ಲ ಅಭಿಷೇಕ. ಪುಣ್ಯಕ್ಕೆ ಭರಣಿ ಒಡೆದಿರಲಿಲ್ಲ. ಅಜ್ಜ ಓಡಿ ಬಂದು ಶಾಲನ್ನು ನೋಡಿದ.

"ಅದಕ್ಕೇನು ಜ್ವರ ಬಂದಿತ್ತೇನು ಅಂತ ಕೇಳ್ತಾನವಾ," ಎಂದಳು ಮಗಳು.

"ಥಂಡಿ ಆಗಿತ್ತು ಅನ್ನು," ಎಂದೆ.

ಆತ ನಗಲಿಲ್ಲ. ನಳಿಗೆ ಮತ್ತೆ ಸಿಕ್ಕಿಸಿದ. ತಲೆಯ ಮೇಲಿನ ಉಣ್ಣೆ ಟೊಪ್ಪಿಗೆ ತೆಗೆದು ಭರಣಿಗೆ ತೊಡಿಸಿ, ಬೋಳು ತಲೆಯಲ್ಲಿ ಹಿಮದೊಳಗೆ ಮನೆಗೆ ಹೋದ.

೪. ಮೂಗು

ಗಾಳಿ ಹೊಕ್ಕರೆ ಹುಳಿಯಾಗುತ್ತದೆ ಎಂದು ಅಜ್ಜ ಹೇಳಿದ್ದ. ಹುಳಿಯಾಗಿದೆಯೋ ಇಲ್ಲವೋ ತಿಳಿಯಬೇಕಲ್ಲ? ದಿನಾ ಬೆಳಿಗ್ಗೆ ನಳಿಗೆ ತೆಗೆದು ಮೂಸುತ್ತಿದ್ದೆ. ಅದರೊಳಗಿಂದ ಬೆಲ್ಲದ ವಾಸನೆ, ಅವರ ಅಂಗಿಯ ವಾಸನೆ ಬರುತ್ತಿತ್ತು. ಒಂದು ಸಲಕ್ಕೆ ಸಾಲದೆ ಸಂಜೆಯೂ ಮೂಸತೊಡಗಿದೆ.

ಒಂದು ದಿನ ಅಜ್ಜನ ಕೈಗೆ ಸಿಕ್ಕಿಬಿದ್ದೆ. "ಕಾಯಬ್ಯಾಡ ಅಂತ ಹೇಳು ನಿಮ್ಮವ್ವಗ. ಅಕಿ ಕಾದಷ್ಟೂ ಅದು ಕೆಡತೈತಿ," ಎಂದನಂತೆ. ತೆಗೆಯಬೇಡಿ ಎಂದು ಬರೆದು ಅಂಟಿಸಿದ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಚೀಟಿ ಅಂಟಿಸಿದ ಮರುದಿನವೂ ತೆಗೆದೆ.

ಆಮೇಲೆ ಆತ ಚಿತ್ರ ಬರೆದು ತಂದ. ಒಂದು ದೊಡ್ಡ ಮೂಗು, ಅದರ ಮೇಲೆ ಅಡ್ಡಡ್ಡ ಕೆಂಪು ಗೀರು. ಬೇರೆ ಯಾರ ಮೂಗೋ ಎಂದು ನಾನು ತಪ್ಪಿಸಿಕೊಳ್ಳಬಾರದೆಂದು ಮೂಗುಬೊಟ್ಟನ್ನೂ ಬರೆದಿದ್ದ.

೫. ಎಡೆ

ಮಹಾಲಯ ಅಮಾವಾಸ್ಯೆ ಬಂತು. ಹೋದವರಿಗೆ ಇಷ್ಟವಾದದ್ದನ್ನು ಫೋಟೋದ ಮುಂದೆ ಎಡೆ ಇಡುವುದು ನಮ್ಮ ಪದ್ಧತಿ. ಕಡಬು, ಬದನೆಕಾಯಿ ಪಲ್ಯ ಇಟ್ಟೆ. ಭರಣಿಯದೂ ಇಡಬೇಕಲ್ಲ. ಅಜ್ಜ ಕೆಳಗೆ ಹೋಗಿ ಒಂದು ಹೂಜಿ ತುಂಬಿ ತಂದ. ಮುಖ ಸಪ್ಪಗಿತ್ತು. ಒಗ್ಗರಣೆ, ಊದಿನಕಡ್ಡಿಯ ನಡುವೆ ನನ್ನ ಮೂಗಿಗೆ ಏನೂ ಹತ್ತಲಿಲ್ಲ.

"ಮೊದಲು ತಾನು ರುಚಿ ನೋಡ್ತೀನಿ ಅಂತಾನವಾ."

"ಅವರ ಎಡೀದನ್ನ ಅವರಕಿಂತ ಮೊದಲು ಯಾರೂ ಮುಟ್ಟೂಹಂಗಿಲ್ಲ."

"ಕೆಟ್ಟಿದ್ರ ಗೆಳೆಯಗ ಹೆಂಗ ಕೊಡ್ಲಿ ಅಂತಾನ."

ಹೂಜಿ ಕಸಿದುಕೊಂಡು ನಾನೇ ಗ್ಲಾಸಿಗೆ ಹೊಯ್ದೆ. ಗ್ಲಾಸು ಇಟ್ಟು, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಂದಕ್ಕೆಳೆದು, ಎಲ್ಲರೂ ಮೆಟ್ಟಿಲ ಮೇಲೆ ಕುಂತೆವು. ಬಾಗಿಲು ತೆಗೆದದ್ದೇ ಅಜ್ಜ ನೆಟ್ಟಗೆ ಹೋಗಿ ಆ ಗ್ಲಾಸು ಎತ್ತಿ ಒಂದೇ ಗುಟುಕಿಗೆ ಕುಡಿದ. ಕಣ್ಣು ತುಂಬಿ ಬಂತು.

"ಗೂಟ್," ಎಂದ. ಅಂದರೆ ಛಲೋ ಐತಿ ಅಂತ.

ನಾನೂ ಪ್ರಸಾದವೆಂದು ಕುಡಿದೆ. ಕಿವಿಯವರೆಗೆ ಜುಂ ಎಂದಿತು. ಆತನ ಮುಖ ನೋಡಿ, "ಭಾಳ ಛಲೋ ಆಗೇತಿ," ಎಂದೆ. ಆತ ನನಗೆ ಇನ್ನೊಂದು ಗ್ಲಾಸು ಹೊಯ್ದ. ನಾನು ಬಿಡಲಿಲ್ಲ, ಆತನಿಗೂ ಹೊಯ್ದೆ. ಹೀಗೆ ಮೂರು ಸುತ್ತು ಆಯಿತು. ಅಪ್ಪನ ಕೈಗುಣ ನೋಡಿ ಮಗಳು ಅಳುತ್ತ ನಿಂತಳು.

ಆಗ ಅಳಿಯ ಒಂದು ಗುಟುಕು ಕುಡಿದು ಸಿಂಕಿಗೆ ಓಡಿದ. "ಅತ್ತೀ, ಇದು ಪೂರಾ ವಿನೆಗರ್ ಆಗೇತಲ್ರೀ."

ನಾನು ಅಜ್ಜನನ್ನು ನೋಡಿದೆ, ಅಜ್ಜ ನನ್ನನ್ನು ನೋಡಿದ. ಇಬ್ಬರಿಗೂ ಮೊದಲ ಗುಟುಕಿಗೇ ಗೊತ್ತಾಗಿತ್ತು. ಅವರು ಹೋದ ಮೇಲೆ ಮೇಲಿನ ಮನೆಯಲ್ಲಿ ನಾನು ನಕ್ಕದ್ದು ಅವತ್ತೇ ಮೊದಲು. ನಗುತ್ತ ನಗುತ್ತ ಅಳು ಯಾವಾಗ ಬಂತೋ, ಆತನ ತೋಳು ಹಿಡಿದುಕೊಂಡು ನಿಂತೆ.

ಛಲೋ ಆಗಿದ್ದರೆ ಇವರೆಲ್ಲ ಸೇರಿ ಕ್ರಿಸ್‌ಮಸ್ಸಿನೊಳಗೆ ಕುಡಿದು ಮುಗಿಸುತ್ತಿದ್ದರು. ಹುಳಿಯಾದದ್ದರಿಂದ ನನ್ನ ಜೀವ ಇರುವ ತನಕ ಸಾಕು. ದಿನಾ ಸೌತೆಕಾಯಿಯ ಕೋಸಂಬರಿಗೆ ಒಂದು ಚಮಚ ಹಾಕುತ್ತೇನೆ. ಅಳಿಯ ತಟ್ಟೆಗೆ ಬಗ್ಗಿ, ಮೂಸಿ, ಮುಖ ಕಿವುಚಿ ಕೇಳುತ್ತಾನೆ:

"ಅತ್ತೀ, ಇವತ್ತೂ ಮಾವಾರನ್ನ ಹಾಕೀರೇನ್ರಿ?"

"ಸ್ವಲ್ಪ ಹಾಕೀನಿ," ಅನ್ನುತ್ತೇನೆ. "ಉಣ್ಣು."